ಶಾಲೆಯ ದಾರಿ: ನಡೆದು, ಸೈಕಲ್ ತುಳಿದು ಬರುವ ಮಕ್ಕಳನ್ನು ಕಾಯೋದು ಹೇಗೆ?



ಶಾಲೆಗಳು ಶುರುವಾಗಿವೆ. ಮನೆಮನೆಯಲ್ಲೂ ಹೊಸ ಬ್ಯಾಗು, ಹೊಸ ಕೊಡೆ, ಪುಸ್ತಕಕ್ಕೆ ಬೈಂಡ್ ಹಾಕೋ ಗಡಿಬಿಡಿ. ಯಾವ ಶಾಲೆ, ಯಾವ ಮೀಡಿಯಂ, ಯಾವ ಟ್ಯೂಷನ್ ಅಂತ ನಾವು ತಿಂಗಳುಗಟ್ಟಲೆ ಯೋಚನೆ ಮಾಡಿರ್ತೀವಿ. ಆದರೆ ಮನೆ ಹೊಸ್ತಿಲಿಂದ ಶಾಲೆ ಗೇಟಿನ ತನಕ ಒಂದು ದಾರಿ ಇದೆಯಲ್ಲ, ಅದರ ಬಗ್ಗೆ ಎಷ್ಟು ಜನ ಕೂತು ಯೋಚನೆ ಮಾಡಿದ್ದೀವಿ? ಇವತ್ತಿನ ಮಾತು ಆ ದಾರಿಯ ಬಗ್ಗೆ. ಅದರಲ್ಲೂ ನಡೆದುಕೊಂಡು, ಸೈಕಲ್ ತುಳಿದುಕೊಂಡು ಬರುವ ಮಕ್ಕಳ ಬಗ್ಗೆ.

ನಾನು ಒಂದು ಹೋಬಳಿ ಊರಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಪಿ.ಟಿ. ಮೇಷ್ಟ್ರಿಗೆ ಬೆಳಗ್ಗೆ ಗೇಟಿನ ಹತ್ತಿರ ನಿಲ್ಲೋ ಕೆಲಸ ತಪ್ಪಿದ್ದಲ್ಲ. ಹಾಗೆ ನಿಂತು ನಿಂತು, ಯಾವ ಮಗು ಹೇಗೆ ಬರುತ್ತೆ, ಎಲ್ಲಿ ಓಡುತ್ತೆ, ಎಲ್ಲಿ ಹೆದರಿ ನಿಲ್ಲುತ್ತೆ ಅನ್ನೋದು ನನಗೆ ಬಾಯಿಪಾಠ ಆಗಿಹೋಗಿದೆ. ಅದರ ಮೇಲೆ ಒಂದಿಷ್ಟು ಓದಿಕೊಂಡಿದ್ದೀನಿ. ಎರಡನ್ನೂ ಸೇರಿಸಿ ಹೇಳ್ತೀನಿ.

ಮೊದಲು ಒಂದು ಅಂಕಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಹದಿನೆಂಟು ತುಂಬದ ಮಕ್ಕಳು 9 ಸಾವಿರಕ್ಕೂ ಹೆಚ್ಚು. ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತೈದು ದಾಟುತ್ತೆ. ಅಂದರೆ ಒಂದು ತರಗತಿಯಷ್ಟು ಮಕ್ಕಳು, ಪ್ರತಿ ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ, ಜಗತ್ತಿನಲ್ಲಿ 5ರಿಂದ 29 ವರ್ಷದೊಳಗಿನವರ ಸಾವಿಗೆ ಮೊದಲನೇ ಕಾರಣ ಯಾವ ರೋಗವೂ ಅಲ್ಲ, ರಸ್ತೆ ಅಪಘಾತ.

ಇದನ್ನು ಕೇಳಿದ ತಕ್ಷಣ ತಂದೆತಾಯಿಗೆ ಅನ್ನಿಸೋದು ಒಂದೇ: "ಹಾಗಾದ್ರೆ ಮಗೂನ ನಡೆಸೋದೇ ಬೇಡ, ಗಾಡೀಲಿ ಬಿಟ್ಟು ಬರೋಣ." ಆ ಭಯ ನನಗೆ ಅರ್ಥ ಆಗುತ್ತೆ. ಆದರೆ ಎಲ್ಲರೂ ಹಾಗೆ ಮಾಡಿದಾಗ ಏನಾಗುತ್ತೆ ಅನ್ನೋದನ್ನ ಯಾವ ಊರಿನ ಕಾನ್ವೆಂಟ್ ಗೇಟಿನ ಮುಂದೆ ಬೇಕಾದರೂ ನೋಡಬಹುದು. ಬೆಳಗ್ಗೆ ಹದಿನೈದು ನಿಮಿಷ ಅಲ್ಲಿ ಸಂತೆ. ಕಾರು, ಸ್ಕೂಟರು, ಆಟೋ, ಸ್ಕೂಲ್ ವ್ಯಾನು ಎಲ್ಲ ಒಂದರ ಮೇಲೊಂದು. ರಿವರ್ಸ್ ತಗೊಳ್ಳೋ ಕಾರಿನ ಹಿಂದೆ ಎರಡನೇ ಕ್ಲಾಸಿನ ಮಗು ನಿಂತಿದ್ದರೆ ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣೋದೇ ಇಲ್ಲ. ತನ್ನ ಮಗು ಸುರಕ್ಷಿತವಾಗಿರಲಿ ಅಂತ ಗಾಡಿ ತಂದವರ ಗಾಡಿಯೇ ಇನ್ನೊಬ್ಬರ ಮಗುವಿಗೆ ಅಪಾಯ ಆಗಿರುತ್ತೆ.

ಇನ್ನು ಗಾಡಿ ಇಲ್ಲದವರ ಮಾತು ಬಿಡಿ. ಹಳ್ಳಿಯಲ್ಲಿ ಬಹುತೇಕ ಮಕ್ಕಳಿಗೆ ನಡಿಗೆ, ಸೈಕಲ್ಲು, ಇಲ್ಲಾಂದ್ರೆ ಸಮಯಕ್ಕೆ ಬಂದರೆ ಬಸ್ಸು. ಅವರಿಗೆ ಬೇರೆ ದಾರಿ ಆರಿಸಿಕೊಳ್ಳೋ ಅವಕಾಶವೇ ಇಲ್ಲ. ಹಾಗಾಗಿ ನಡೆಯೋದನ್ನ ನಿಲ್ಲಿಸೋದು ಉತ್ತರ ಅಲ್ಲ. ನಡೆಯೋ ದಾರಿ ಸರಿಮಾಡೋದು ಉತ್ತರ.

ಸೈಕಲ್ ಮಾಡಿದ ಕೆಲಸ

ಈ ದಾರಿಗೂ ಓದಿಗೂ ಎಷ್ಟು ಹತ್ತಿರದ ಸಂಬಂಧ ಅನ್ನೋದನ್ನ ಒಂದು ಉದಾಹರಣೆಯಿಂದ ಹೇಳ್ತೀನಿ.

ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳ ಲೆಕ್ಕದಲ್ಲಿ ಐದನೇ ತರಗತಿವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗೆ, ಎಂಟರವರೆಗಿನದು ಮೂರು ಕಿಲೋಮೀಟರ್ ಒಳಗೆ ಇರಬೇಕು. ಹೈಸ್ಕೂಲಿಗೆ ಆ ಥರದ ಭರವಸೆ ಇಲ್ಲ. ಅಂದರೆ ಮಗು ದೊಡ್ಡದಾದ ಹಾಗೆ ಶಾಲೆ ದೂರ ಹೋಗುತ್ತೆ. ಹುಡುಗ ಆದರೆ ಹೇಗೋ ಹೋಗ್ತಾನೆ ಅಂತಾರೆ. ಹುಡುಗಿ ಆದರೆ "ಸಾಕು ಬಿಡಿ" ಅನ್ನೋ ಮಾತು ಬರೋದು ಇದೇ ಹಂತದಲ್ಲಿ.

2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳೋಕೆ ದುಡ್ಡು ಕೊಡೋ ಯೋಜನೆ ತಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಪರಿಣಾಮವನ್ನು ಅಧ್ಯಯನ ಮಾಡಿದರು. ಹೈಸ್ಕೂಲಿಗೆ ಸೇರೋ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಾಗಿತ್ತು. ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕಡಿಮೆಯಾಗಿತ್ತು. ಎಲ್ಲಿ ಹೆಚ್ಚು ಬದಲಾವಣೆ ಆಗಿತ್ತು ಗೊತ್ತಾ? ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ. ಅಂದರೆ ಓದಬೇಕು ಅನ್ನೋ ಆಸೆ ಮೊದಲೇ ಇತ್ತು. ಅಡ್ಡ ಇದ್ದಿದ್ದು ದಾರಿ.

ನಮ್ಮ ಕರ್ನಾಟಕದಲ್ಲೂ 2006–07ರಿಂದಲೇ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋದು ಶುರುವಾಯಿತು. ಹುಡುಗರಿಗೂ, ಹುಡುಗಿಯರಿಗೂ. ಸಾಲಾಗಿ ಸೈಕಲ್ ತುಳಿದುಕೊಂಡು ಹೋಗೋ ಸಮವಸ್ತ್ರದ ಹುಡುಗಿಯರನ್ನ ನೋಡಿದವರಿಗೆ ಅದೇನು ಬದಲಾವಣೆ ಅಂತ ಹೇಳಬೇಕಾಗಿಲ್ಲ. ಕೋವಿಡ್ ಬಂದಾಗ ಆ ವಿತರಣೆ ನಿಂತುಹೋಯಿತು. ನಿಂತಾಗ ಅದರ ಬೆಲೆ ಏನು ಅಂತ ನಮಗೆಲ್ಲ ಗೊತ್ತಾಯಿತು.

ಆದರೆ ಒಂದು ಮಾತು. ಸೈಕಲ್ ಕೊಟ್ಟರೆ ಅರ್ಧ ಕೆಲಸ. ಆ ಸೈಕಲ್ ಓಡೋ ರಸ್ತೆ ಉಳಿದ ಅರ್ಧ. ನಮ್ಮ ಶಾಲೆಗೆ ಬರೋ ಒಂದು ಹಳ್ಳಿ ಹೆದ್ದಾರಿಯ ಆಚೆ ಇದೆ. ಏಳನೇ ತರಗತಿ ಮುಗಿಸಿದ ಹುಡುಗಿಯೊಬ್ಬಳು ನಮ್ಮಲ್ಲಿ ಸೇರಲಿಲ್ಲ. ಮನೆಗೆ ಹೋಗಿ ಕೇಳಿದಾಗ ಅವರಪ್ಪ ಜಗಳ ಆಡಲಿಲ್ಲ, ಬಡತನ ಅನ್ನಲಿಲ್ಲ. ಒಂದೇ ಮಾತು ಕೇಳಿದರು: "ಮೇಷ್ಟ್ರೇ, ದಿನಾ ಎರಡು ಹೊತ್ತು ಆ ರಸ್ತೆ ನೀವು ದಾಟಿಸ್ತೀರಾ?"

ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾಗಿರೋದು ಶಾಲೆ, ಪಂಚಾಯ್ತಿ, ಇಲಾಖೆ ಮತ್ತು ಆ ರಸ್ತೆಯಲ್ಲಿ ಗಾಡಿ ಓಡಿಸೋ ನಾವು ನೀವು. ಆ ವರ್ಷ ನಾವು ಮಾಡಿದ್ದು ಸಣ್ಣ ಏರ್ಪಾಡು, ಮುಂದೆ ಹೇಳ್ತೀನಿ. ಹುಡುಗಿ ಎರಡು ವಾರ ತಡವಾಗಿ ಸೇರಿದಳು.

ಮಗುವಿನ ಕಣ್ಣಿಗೆ ರಸ್ತೆ ಹೇಗೆ ಕಾಣುತ್ತೆ

"ಎಷ್ಟು ಸಲ ಹೇಳಿದ್ದೀನಿ, ನೋಡಿಕೊಂಡು ದಾಟು ಅಂತ!" ಇದು ಎಲ್ಲ ಮನೆಯಲ್ಲೂ ಕೇಳೋ ಮಾತು. ಮಗು ನೋಡೇ ನೋಡುತ್ತೆ. ಆದರೆ ನೋಡಿದ್ದು ಅದಕ್ಕೆ ಅರ್ಥ ಆಗಬೇಕಲ್ಲ?

ಏಳು ಎಂಟು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿರುತ್ತೆ. ನಿಂತಿರೋ ಒಂದು ಕಾರು ಸಾಕು, ಆಚೆ ಏನೂ ಕಾಣಲ್ಲ. ನೀವು ಒಂದು ಸಲ ರಸ್ತೆ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ, ಗೊತ್ತಾಗುತ್ತೆ. ಇನ್ನೊಂದು, ದೂರದಿಂದ ಬರೋ ಗಾಡಿಯ ವೇಗ ಅಳೆಯೋ ಶಕ್ತಿ ಮಗುವಿನ ಮೆದುಳಿನಲ್ಲಿ ನಿಧಾನವಾಗಿ ಬೆಳೆಯೋದು. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಷಯ ಗೊತ್ತಾಯಿತು. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ಜೋರಾಗಿ ಬರೋ ವಾಹನ ತಮ್ಮ ಕಡೆಗೆ ಬರ್ತಾ ಇದೆ ಅನ್ನೋದನ್ನ ಪ್ರೈಮರಿ ಶಾಲೆಯ ಮಕ್ಕಳು ನಂಬಿಕೆಯಿಂದ ಗುರುತಿಸೋಕೆ ಆಗಲ್ಲ. ಅಂದರೆ ಗಾಡಿ ಜೋರಾಗಿ ಬಂದಷ್ಟೂ ಮಗುವಿಗೆ ಅದು ನಿಂತ ಹಾಗೇ ಕಾಣಬಹುದು! ಇದರಲ್ಲಿ ಮಗುವಿನ ತಪ್ಪೇನಿದೆ?

ಈಗ ಡ್ರೈವರ್ ಕಡೆಯಿಂದ ನೋಡೋಣ. ಸಣ್ಣ ಲೆಕ್ಕ. ಗಂಟೆಗೆ 30 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 8 ಮೀಟರ್. ಮಗು ಅಡ್ಡ ಬಂತು ಅಂತ ಗೊತ್ತಾಗಿ ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ಗಾಡಿ 8 ಮೀಟರ್ ಬಂದಿರುತ್ತೆ. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೊಂದು 5 ಮೀಟರ್. ಒಟ್ಟು 13 ಮೀಟರಿಗೆ ಗಾಡಿ ನಿಂತಿತು. ಅದೇ 50ರ ವೇಗದಲ್ಲಿದ್ದರೆ? ಆ ಮೊದಲ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಬಂದಾಯಿತು. ಅಂದರೆ 30ರಲ್ಲಿ ಬಂದವನು ಎಲ್ಲಿ ಗಾಡಿ ನಿಲ್ಲಿಸಿದ್ದನೋ, ಆ ಜಾಗಕ್ಕೆ 50ರಲ್ಲಿ ಬಂದವನು ತಲುಪಿದಾಗ ಇನ್ನೂ ಬ್ರೇಕನ್ನೇ ಮುಟ್ಟಿರೋದಿಲ್ಲ. ಮಗು 13 ಮೀಟರ್ ದೂರದಲ್ಲಿ ಇದ್ದಿದ್ದರೆ, ಒಬ್ಬನು ಕಿಟಕಿಯಿಂದ ತಲೆ ಹಾಕಿ ಬೈದು ಹೋಗ್ತಾನೆ. ಇನ್ನೊಬ್ಬನು ಪೂರಾ 50ರ ವೇಗದಲ್ಲಿ ಗುದ್ದುತ್ತಾನೆ. ಮಳೆ ಬಿದ್ದ ರಸ್ತೆಯಲ್ಲಿ ಇದು ಇನ್ನೂ ಕೆಡುತ್ತೆ.

ಅದಕ್ಕೇ 2020ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನದ ಘೋಷಣೆಯಲ್ಲಿ, ಜನ ಮತ್ತು ವಾಹನ ಬೆರೆಯೋ ಕಡೆ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕು ಅಂತ ಹೇಳಿದ್ದು. ಶಾಲೆ ಮುಂದಿನ ರಸ್ತೆಗಿಂತ ಹೆಚ್ಚು ಬೆರೆಯೋ ಜಾಗ ಬೇರೆ ಯಾವುದಿದೆ?

ಮನೆಯಲ್ಲಿ ಮಾಡಬೇಕಾದ್ದು

ಸರಿ, ಈಗ ತಂದೆತಾಯಿ ಮಾಡಬಹುದಾದ ಕೆಲಸಗಳಿಗೆ ಬರೋಣ.

ಮೊದಲನೆಯದು, ದಾರಿಯ ರಿಹರ್ಸಲ್. ಒಂದು ಭಾನುವಾರ ಮಗುವಿನ ಜೊತೆ ಶಾಲೆ ತನಕ ನಡೀರಿ. ಹೋಗುವಾಗ ನೀವು ಮುಂದೆ. ಬರುವಾಗ ಮಗು ಮುಂದೆ, ನೀವು ನಾಲ್ಕು ಹೆಜ್ಜೆ ಹಿಂದೆ. "ಈಗ ಯಾಕೆ ನಿಂತೆ? ಯಾವ ಕಡೆಯಿಂದ ಗಾಡಿ ಬರಬಹುದು?" ಅಂತ ಕೇಳಿ, ಅದರ ಬಾಯಲ್ಲೇ ಹೇಳಿಸಿ. ಹತ್ತಿರದ ದಾರಿಯೇ ಒಳ್ಳೆ ದಾರಿ ಅಂತೇನಿಲ್ಲ. ಐದು ನಿಮಿಷ ಸುತ್ತಾದರೂ ದೊಡ್ಡ ರಸ್ತೆ ತಪ್ಪುತ್ತೆ ಅಂದರೆ ಆ ದಾರಿ ಹಿಡಿಸಿ. ಒಂಬತ್ತು ಹತ್ತು ವರ್ಷದ ತನಕ ದೊಡ್ಡ ರಸ್ತೆ ದಾಟುವಾಗ ಜೊತೆಗೆ ಒಬ್ಬ ದೊಡ್ಡವರು ಇರಲೇಬೇಕು. ಇಲ್ಲಿ "ನಮ್ಮ ಮಗು ತುಂಬಾ ಚುರುಕು" ಅನ್ನೋ ಮಾತು ನಡೆಯೋದಿಲ್ಲ.

ಎರಡನೆಯದು, ದಾಟೋ ಕ್ರಮ. ನಮ್ಮಲ್ಲಿ ಗಾಡಿಗಳು ಎಡಗಡೆ ಓಡುತ್ತವೆ. ಹಾಗಾಗಿ ರಸ್ತೆಗೆ ಕಾಲಿಟ್ಟ ತಕ್ಷಣ ಮೊದಲು ಎದುರಾಗೋದು ಬಲಗಡೆಯಿಂದ ಬರೋ ಗಾಡಿ. ಆದ್ದರಿಂದ ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು, ಆಮೇಲೆ ನಡಿ. ಓಡಬೇಡ. ಓಡೋ ಮಗು ಎಡವುತ್ತೆ, ಚಪ್ಪಲಿ ಬಿಟ್ಟು ಹೋಗುತ್ತೆ, ಅದನ್ನ ತಗೊಳ್ಳೋಕೆ ಹಿಂದೆ ತಿರುಗುತ್ತೆ. ಚಪ್ಪಲಿ ಬಿದ್ದರೆ ಬಿಟ್ಟು ಹೋಗು, ಹೊಸದು ಕೊಡಿಸ್ತೀವಿ ಅಂತ ಮೊದಲೇ ಹೇಳಿಡಿ. ನಗಬೇಡಿ, ಇದನ್ನ ಹೇಳದೇ ಇದ್ದರೆ ಮಗು ಬೈಗುಳಕ್ಕೆ ಹೆದರಿ ಹಿಂದೆ ತಿರುಗಿಯೇ ತಿರುಗುತ್ತೆ.

ಮೂರನೆಯದು, ಬಸ್ಸು. ನಿಂತ ಬಸ್ಸಿನ ಮುಂದಿನಿಂದ ದಾಟೋದು ತುಂಬಾ ಅಪಾಯ. ಡ್ರೈವರ್ ಎತ್ತರದಲ್ಲಿ ಕೂತಿರ್ತಾನೆ, ಕೆಳಗಿರೋ ಚಿಕ್ಕ ಮಗು ಅವನಿಗೆ ಕಾಣಲ್ಲ. ಬಸ್ಸನ್ನ ಓವರ್‌ಟೇಕ್ ಮಾಡಿ ಬರೋ ಬೈಕು ಮಗುವಿಗೆ ಕಾಣಲ್ಲ. ಬಸ್ಸು ಹೊರಟು ಹೋಗಲಿ, ರಸ್ತೆ ಎರಡೂ ಕಡೆ ಕಾಣಲಿ, ಆಮೇಲೆ ದಾಟು.

ನಾಲ್ಕನೆಯದು, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವಾಗ ಬಲಗಡೆ ನಡೀಬೇಕು. ಆಗ ಎದುರಿನಿಂದ ಬರೋ ಗಾಡಿ ಕಣ್ಣಿಗೆ ಕಾಣುತ್ತೆ. ಸೈಕಲ್ ತುಳಿಯುವಾಗ ಮಾತ್ರ ಎಡಗಡೆ. ಇದು ಮಕ್ಕಳಿಗೆ ಗೊಂದಲ ಆಗುತ್ತೆ, ಬಿಡಿಸಿ ಹೇಳಿ: ಕಾಲಿಗೆ ಬಲ, ಚಕ್ರಕ್ಕೆ ಎಡ.

ಮಳೆಗಾಲದಲ್ಲಿ ಇನ್ನೂ ಒಂದು ಮಾತು. ಮೋಡ ಮುಸುಕಿದ ಬೆಳಗ್ಗೆ ಕಪ್ಪು ಕೊಡೆ, ಕಪ್ಪು ರೇನ್‌ಕೋಟು ಹಾಕಿದ ಮಗು ರಸ್ತೆಯಲ್ಲಿ ಕಾಣೋದೇ ಇಲ್ಲ. ಕೊಡಿಸುವಾಗಲೇ ಹಳದಿನೋ ಕಿತ್ತಳೆಯೋ ಕೊಡಿಸಿ. ಬ್ಯಾಗಿನ ಹಿಂದೆ ಒಂದು ಗೇಣು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಅಥವಾ ಹೊಲಿಸಿ. ಆಟೋಮೊಬೈಲ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತೆ.

ಸೈಕಲ್ ಮಕ್ಕಳಿಗೆ

ಈಗ ಸೈಕಲ್. ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡೋದು ಮೂರೇ ಪದ: ಗಾಳಿ, ಬ್ರೇಕು, ಚೈನು. ಹೊರಡೋ ಮುಂಚೆ ಟೈರನ್ನ ಹೆಬ್ಬೆರಳಲ್ಲಿ ಒತ್ತಿ ನೋಡು, ಎರಡೂ ಬ್ರೇಕ್ ಹಿಡಿದು ಸೈಕಲ್ ತಳ್ಳಿ ನೋಡು, ಚೈನು ಜೋತುಬಿದ್ದಿದೆಯಾ ನೋಡು. ಅರ್ಧ ನಿಮಿಷದ ಕೆಲಸ. ನಾವು ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಇದನ್ನ ಒಟ್ಟಿಗೆ ಮಾಡ್ತೀವಿ. ದೊಡ್ಡ ಹುಡುಗರು ಚಿಕ್ಕವರ ಸೈಕಲ್ ಬ್ರೇಕ್ ಕಟ್ಟೆ ಸರಿಮಾಡಿಕೊಡ್ತಾರೆ. ಒಂದು ಸ್ಪ್ಯಾನರ್ ಸೆಟ್ಟು, ಒಂದು ಪಂಪು, ಒಂದು ಬಾಟಲಿ ಎಣ್ಣೆ. ಅಷ್ಟೇ ಬಂಡವಾಳ.

ಸೀಟಿನ ಎತ್ತರ ನೋಡಿ. ಕೂತಾಗ ಎರಡೂ ಕಾಲಿನ ತುದಿ ನೆಲಕ್ಕೆ ತಾಗಬೇಕು. ಅಣ್ಣನ ಸೈಕಲ್ಲನ್ನ ತಮ್ಮ ತುಳಿಯೋದು ನಮ್ಮಲ್ಲಿ ಸಾಮಾನ್ಯ, ತಪ್ಪೇನಿಲ್ಲ, ಆದರೆ ಸೀಟು ಇಳಿಸಿ ಕೊಡಿ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಬ್ಯಾಗು ಬೆನ್ನಿಗೋ ಕ್ಯಾರಿಯರ್‌ಗೋ ಇರಬೇಕು. ಹ್ಯಾಂಡಲ್‌ಗೆ ನೇತುಹಾಕಿದ ಊಟದ ಚೀಲ ಮುಂದಿನ ಚಕ್ರಕ್ಕೆ ಸಿಕ್ಕಿಹಾಕಿಕೊಂಡು ಮುಗ್ಗರಿಸಿ ಬಿದ್ದವರು ಪ್ರತಿ ವರ್ಷ ಒಬ್ಬರಾದರೂ ಇರ್ತಾರೆ. ಹುಡುಗಿಯರು ವೇಲನ್ನ ಹಿಂದಕ್ಕೆ ಬಿಡದೆ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಹ್ಯಾಂಡಲ್ ಬೇಡವೇ ಬೇಡ. ಮಳೆ ಜೋರಾದರೆ ಇಳಿದು ಎಲ್ಲಾದರೂ ನಿಲ್ಲಿ. ಅಂಥ ದಿನ ತಡವಾಗಿ ಬಂದ ಮಗುವಿಗೆ ಬೈಯಬೇಡಿ ಅಂತ ನನ್ನ ಸಹೋದ್ಯೋಗಿಗಳಿಗೂ ಕೈಮುಗಿದು ಹೇಳ್ತೀನಿ. ಮೇಷ್ಟ್ರು ಬೈತಾರೆ ಅನ್ನೋ ಭಯದಲ್ಲೇ ಎಷ್ಟೋ ಮಕ್ಕಳು ಗಾಡಿಗಳ ಸಂದಿಯಲ್ಲಿ ನುಗ್ಗುತ್ತವೆ.

ಹೆಲ್ಮೆಟ್ ಇದ್ದರೆ ಒಳ್ಳೆಯದು. ಆದರೆ ಸರಿಯಾಗಿ ಹಾಕಬೇಕು. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗದ್ದದ ಕೆಳಗೆ ಪಟ್ಟಿ ಬಿಗಿಯಾಗಿರಬೇಕು. ಹಣೆ ಬಿಟ್ಟು ಹಿಂದಕ್ಕೆ ಜಾರಿದ ಹೆಲ್ಮೆಟ್ ಬಿದ್ದಾಗ ಹಣೆಯನ್ನ ಕಾಯೋದಿಲ್ಲ.

ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು. ಮಾತಾಡಿಕೊಂಡು ಮೂರು ಸೈಕಲ್ ಅಕ್ಕಪಕ್ಕ ಹೋಗೋ ಮಜಾ ನನಗೂ ಗೊತ್ತು, ಅದನ್ನ ಊರೊಳಗಿನ ಓಣಿಗೆ ಇಟ್ಟುಕೊಳ್ಳಿ. ಲಾರಿ, ಟ್ರ್ಯಾಕ್ಟರ್ ತಿರುಗುವಾಗ ಅದರ ಒಳಪಕ್ಕಕ್ಕೆ ಹೋಗಬಾರದು. ಮುಂದಿನ ಚಕ್ರ ಹೋದ ಜಾಗದಲ್ಲೇ ಹಿಂದಿನ ಚಕ್ರ ಹೋಗಲ್ಲ, ಒಳಕ್ಕೆ ಬರುತ್ತೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಇನ್ನೊಂದು ಮಾತು. ಕಬ್ಬು ಕಟಾವಿನ ಕಾಲದಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳಿಂದ ದೂರ ಇರೋಕೆ ಹೇಳಿ. ಹಿಂದೆ ನೇತಾಡಿಕೊಂಡು ಕಬ್ಬು ಎಳೆಯೋದಂತೂ ಬೇಡವೇ ಬೇಡ.

ಇನ್ನು ಸೈಕಲ್ ಬಿಡಿಸಿ ಮಗನ ಕೈಗೆ ಸ್ಕೂಟರ್ ಕೊಡೋ ಅಪ್ಪಂದಿರಿಗೆ ಒಂದು ಎಚ್ಚರಿಕೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ಹೊಣೆ. 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬೋ ತನಕ ಲೈಸೆನ್ಸ್ ಸಿಗಲ್ಲ. ದಂಡದ ಮಾತು ಹಾಗಿರಲಿ, ಒಂಬತ್ತನೇ ಕ್ಲಾಸಿನ ಹುಡುಗನ ಸ್ಕೂಟರ್ ಎದುರಿಗೆ ಬರೋದು ಐದನೇ ಕ್ಲಾಸಿನ ಹುಡುಗಿಯ ಸೈಕಲ್ಲು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ನಡಿಗೆಯ ಬಸ್ಸು

ಹೆದ್ದಾರಿ ಆಚೆ ಹಳ್ಳಿಗೆ ನಾವು ಮಾಡಿದ ಏರ್ಪಾಡು ಏನು ಅಂತ ಹೇಳ್ತೀನಿ ಅಂದಿದ್ದೆನಲ್ಲ, ಅದು ಇದೇ. ಹೊರದೇಶಗಳಲ್ಲಿ ಇದಕ್ಕೆ ವಾಕಿಂಗ್ ಸ್ಕೂಲ್ ಬಸ್ ಅಂತಾರೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ ಅನ್ನೋರು ಇದನ್ನ ಜನಪ್ರಿಯ ಮಾಡಿದರು. ಅಂದರೆ ಇಂಜಿನ್ ಇಲ್ಲದ ಬಸ್ಸು. ಗೊತ್ತಾದ ಹೊತ್ತಿಗೆ ಒಬ್ಬ ದೊಡ್ಡವರು ಹೊರಡ್ತಾರೆ, ದಾರಿಯಲ್ಲಿ ಗೊತ್ತಾದ ಜಾಗಗಳಲ್ಲಿ ಮಕ್ಕಳು ಸೇರಿಕೊಳ್ತಾರೆ, ಎಲ್ಲರೂ ಗುಂಪಾಗಿ ಶಾಲೆ ತಲುಪ್ತಾರೆ. ನಿಜ ಹೇಳಬೇಕಂದ್ರೆ ನಮ್ಮ ಹಳ್ಳಿಗಳಿಗೆ ಇದೇನೂ ಹೊಸದಲ್ಲ. ಅಕ್ಕ ತಂಗಿ, ಪಕ್ಕದ ಮನೆಯವರು ಗುಂಪು ಕಟ್ಟಿಕೊಂಡು ಹೋಗೋದು ಮೊದಲಿಂದಲೂ ಇತ್ತು. ನಾವು ಅದಕ್ಕೆ ಒಂದು ವೇಳಾಪಟ್ಟಿ ಸೇರಿಸಿದೆವು, ಅಷ್ಟೇ.

ಬೆಳಗ್ಗೆ 8:45ಕ್ಕೆ ಅರಳಿಕಟ್ಟೆ ಹತ್ತಿರ ಎಲ್ಲರೂ ಸೇರಬೇಕು. ಹಾಲಿನ ಡೈರಿಗೆ ಬರೋ ಇಬ್ಬರು, ಅಂಗನವಾಡಿಗೆ ಹೋಗೋ ಒಬ್ಬರು, ಸ್ವಸಹಾಯ ಸಂಘದ ಮೂವರು ಹೆಂಗಸರು ವಾರಕ್ಕೊಂದು ದಿನದಂತೆ ಪಾಳಿ ಹಂಚಿಕೊಂಡರು. ಹೇಗಿದ್ದರೂ ಅವರು ಆ ಹೊತ್ತಿಗೆ ಊರೊಳಗೆ ಬರೋರೇ. ಕೈಯಲ್ಲಿ ಒಂದು ಕೆಂಪು ಬಾವುಟ. ಹೆದ್ದಾರಿ ದಾಟುವಾಗ ಬಾವುಟ ಎತ್ತಿ ಹಿಡಿದರೆ ಎರಡೂ ಕಡೆ ಗಾಡಿ ನಿಧಾನ ಆಗುತ್ತೆ. ಮಕ್ಕಳು ಚದುರಿ ಒಬ್ಬೊಬ್ಬರೇ ಹೋದರೆ ಡ್ರೈವರ್‌ಗೆ ಕಾಣದೆ ಇರಬಹುದು, ಇಪ್ಪತ್ತು ಮಕ್ಕಳ ಗುಂಪು ಕಾಣದೆ ಇರೋಕೆ ಸಾಧ್ಯ ಇಲ್ಲ. ಆ ಅಪ್ಪ ಕೇಳಿದ ಪ್ರಶ್ನೆಗೆ ಆ ಆರು ಜನ ಉತ್ತರ ಕೊಟ್ಟರು.

ಪಟ್ಟಣದವರಿಗೂ ಇದು ಆಗುತ್ತೆ. ಅಪಾರ್ಟ್‌ಮೆಂಟಿನಲ್ಲಿ ಒಂದೇ ಶಾಲೆಗೆ ಹೋಗೋ ಹತ್ತು ಮಕ್ಕಳು ಇರ್ತಾರೆ, ಹತ್ತು ಕಾರು ಹೊರಡುತ್ತವೆ. ದಿನಕ್ಕೊಬ್ಬರು ಪೋಷಕರು ನಡೆಸಿಕೊಂಡು ಹೋದರೆ ಉಳಿದ ಒಂಬತ್ತು ಮನೆಗೆ ಅರ್ಧ ಗಂಟೆ ಉಳೀತು. ಗಾಡಿಯಲ್ಲಿ ಬಿಡಲೇಬೇಕು ಅನ್ನೋರು ಗೇಟಿಗಿಂತ ಇನ್ನೂರು ಮೀಟರ್ ಹಿಂದೆ ಇಳಿಸಿ, ಅಲ್ಲಿಂದ ನಡೆಸಿ. ಗೇಟಿನ ಮುಂದೆ ಗಾಡಿ ಇಲ್ಲ ಅಂದರೆ ಅರ್ಧ ಅಪಾಯ ಇಲ್ಲ.

ಯಾರನ್ನ ಕೇಳಬೇಕು, ಏನಂತ ಕೇಳಬೇಕು

ಇದೆಲ್ಲ ಮಾಡಿದರೂ, ರಸ್ತೆ ಕೆಟ್ಟದಾಗಿದ್ದರೆ ಬಾವುಟ ಹಿಡಿದ ಹೆಂಗಸಿಗೂ ಅಪಾಯವೇ. ಹಾಗಾಗಿ ಕೇಳೋದನ್ನ ನಾವು ಬಿಡಬಾರದು.

ನೆದರ್‌ಲ್ಯಾಂಡ್ಸ್ ಅಂದ ತಕ್ಷಣ ಎಲ್ಲರಿಗೂ ಸೈಕಲ್ ನೆನಪಾಗುತ್ತೆ. ಅವರು ಮೊದಲಿಂದ ಹಾಗೇ ಇದ್ದರು ಅಂದುಕೊಳ್ತೀವಿ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆಯಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು ಬರೆದ ಲೇಖನದಿಂದ "ಮಕ್ಕಳ ಕೊಲೆ ನಿಲ್ಲಿಸಿ" ಅನ್ನೋ ಹೆಸರಿನಲ್ಲಿ ಚಳವಳಿ ಶುರುವಾಯಿತು. ತಾಯಂದಿರು ಮಕ್ಕಳನ್ನ ಕಟ್ಟಿಕೊಂಡು ರಸ್ತೆಗೆ ಇಳಿದರು. ಸರ್ಕಾರ ರಸ್ತೆಗಳನ್ನೇ ಬದಲಿಸಬೇಕಾಯಿತು. ಇವತ್ತು ನಾವು ಫೋಟೋದಲ್ಲಿ ನೋಡೋ ಆ ಸೈಕಲ್ ದಾರಿಗಳ ಹಿಂದೆ ಇರೋದು ಆ ತಂದೆತಾಯಂದಿರ ಹಟ.

ನಮ್ಮಲ್ಲಿ ಹಟ ಹಿಡಿಯೋಕೆ ಒಳ್ಳೆ ಜಾಗ ಇದೆ. ಅದು ಮಕ್ಕಳ ಗ್ರಾಮ ಸಭೆ. ಕರ್ನಾಟಕದ ಗ್ರಾಮ ಪಂಚಾಯ್ತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ, ಈ ಸಭೆ ನಡೆಸಬೇಕು. ಬಹಳ ಕಡೆ ಅದು ಭಾಷಣ, ಬಿಸ್ಕತ್ತಿಗೆ ಮುಗಿದುಹೋಗುತ್ತೆ. ಅದಕ್ಕೆ ಮುಂಚೆ ನೀವು ಮಕ್ಕಳ ಕೈಲಿ ಒಂದು ನಕ್ಷೆ ಬರೆಸಿ. ಮನೆಯಿಂದ ಶಾಲೆಗೆ ಬರೋ ದಾರಿ, ಅದರಲ್ಲಿ ಹೆದರಿಕೆ ಆಗೋ ಜಾಗಕ್ಕೆ ಕೆಂಪು ಚುಕ್ಕೆ. ನಮ್ಮ ಶಾಲೆಯಲ್ಲಿ ಬರೆಸಿದಾಗ ದೊಡ್ಡವರಿಗೆ ಹೊಳೆಯದೇ ಇದ್ದ ಚುಕ್ಕೆಗಳು ಬಂದವು. ಮುಚ್ಚಳ ಇಲ್ಲದ ಚರಂಡಿ, ರಸ್ತೆಗೆ ಚಾಚಿದ ಜಾಲಿ ಗಿಡ, ಕಚ್ಚೋ ನಾಯಿ ಇರೋ ಮನೆ, ಮತ್ತೆ ಹುಡುಗಿಯರ ನಕ್ಷೆಯಲ್ಲಿ ಮಾತ್ರ ಕಂಡ ಒಂದು ಹೆಂಡದಂಗಡಿಯ ಮೂಲೆ. ಆ ಕೊನೇ ಚುಕ್ಕೆ ನೋಡಿ ಸಭೆಯಲ್ಲಿ ಯಾರೂ ನಗಲಿಲ್ಲ.

ಮಲೆನಾಡು, ಕರಾವಳಿಯ ಮಕ್ಕಳ ನಕ್ಷೆಯಲ್ಲಿ ಕೆಂಪು ಚುಕ್ಕೆ ಕಾಲುಸಂಕದ ಮೇಲೆ ಬೀಳುತ್ತೆ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಬರ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹೊಳೆಪಾಲಾದ ಸುದ್ದಿ ನಿಮಗೆ ನೆನಪಿರಬಹುದು. ಅಡಿಕೆ ಮರದ ದಬ್ಬೆ ಎಷ್ಟು ಮಳೆ ತಡೆಯುತ್ತೆ? ನಿಮ್ಮೂರಲ್ಲಿ ಅಂಥ ಸಂಕ ಇದ್ದರೆ ಈ ಮಳೆಗಾಲ ಮುಗಿಯೋ ತನಕ ಕಾಯಬೇಡಿ, ಈಗಲೇ ಅರ್ಜಿ ಕೊಡಿ. ಹೊಳೆ ತುಂಬಿದ ದಿನ ಮಗುವನ್ನ ಕಳಿಸಬೇಡಿ.

ಅರ್ಜಿ ಕೊಡುವಾಗ ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ. ಹಳ್ಳಿ ರಸ್ತೆ ಆದರೆ ಪಂಚಾಯ್ತಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ರಾಷ್ಟ್ರೀಯ ಹೆದ್ದಾರಿಗೆ 1033 ಅನ್ನೋ ಸಹಾಯವಾಣಿ ಇದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರುತ್ತೆ, ಅದಕ್ಕೂ ಒಂದು ಪ್ರತಿ ಹಾಕಿ. ಎಸ್‌ಡಿಎಂಸಿ ನಿರ್ಣಯ, ಮಕ್ಕಳ ನಕ್ಷೆ, ನಾಲ್ಕು ಫೋಟೋ ಜೊತೆಗಿರಲಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

"ಹಂಪ್ ಹಾಕಿ" ಅಂತ ಮಾತ್ರ ಬರೆದರೆ ರಾತ್ರೋರಾತ್ರಿ ಒಂದು ಡಾಂಬರಿನ ದಿಬ್ಬ ಎದ್ದು ನಿಲ್ಲುತ್ತೆ. ಬಣ್ಣ ಇಲ್ಲ, ಬೋರ್ಡು ಇಲ್ಲ. ರಾತ್ರಿ ಬೈಕಿನವರು ಅದರ ಮೇಲಿಂದ ಹಾರಿ ಬೀಳ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯಲ್ಲಿ ಒಂದು ಮಾದರಿ ಇದೆ: 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಗಾಡಿ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ಹತ್ತಿ ಇಳಿಯುತ್ತೆ. ಅಂಥದ್ದು ಬೇಕು, ಬಿಳಿ ಪಟ್ಟೆ, ಮುಂಚಿತ ಎಚ್ಚರಿಕೆ ಫಲಕದ ಸಮೇತ ಅಂತ ಬರೆಯಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್‌ಗೆ ಸಾಮಾನ್ಯವಾಗಿ ಒಪ್ಪೋದಿಲ್ಲ. ಅಲ್ಲಿ ರಂಬಲ್ ಸ್ಟ್ರಿಪ್, ಬೀದಿ ದೀಪ, ಅಂಡರ್‌ಪಾಸ್ ಕೇಳಿ. ಪೇಟೆಯಲ್ಲಾದರೆ ಫುಟ್‌ಪಾತ್ ಕೇಳಿ. ಅದೇ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ನಡೆಯೋ ಜಾಗ ಅಡೆತಡೆ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ನಿಮ್ಮ ಶಾಲೆ ಮುಂದೆ ಟೇಪ್ ಹಿಡಿದು ಮಕ್ಕಳ ಕೈಲೇ ಅಳೆಸಿ, ಗಣಿತದ ಪಾಠವೂ ಆಯಿತು.

ನಮ್ಮೂರಿನಲ್ಲಿ ಕೇಳಿದ್ದೆಲ್ಲ ಸಿಕ್ಕಿಲ್ಲ. ದೀಪ ಬಂತು, ಜಾಲಿ ಗಿಡ ಕಡಿದರು, ಚರಂಡಿಗೆ ಚಪ್ಪಡಿ ಬಿತ್ತು. ಅಂಡರ್‌ಪಾಸ್ ಅರ್ಜಿ ಇನ್ನೂ ಓಡಾಡ್ತಾ ಇದೆ, ನಾವೂ ಅದರ ಹಿಂದೆ ಓಡಾಡ್ತಾ ಇದ್ದೀವಿ. ಅದು ಬರೋ ತನಕ ಬಾವುಟ ಇಳಿಸೋ ಹಾಗಿಲ್ಲ.

ಕೇಳ್ತಾ ಇರೋ ನಿಮ್ಮಲ್ಲಿ ಹಲವರು ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ ಒಳಗೆ ಯಾವುದೋ ಒಂದು ಶಾಲೆಯ ಮುಂದೆ ಗಾಡಿ ಓಡಿಸಿಕೊಂಡು ಹೋಗ್ತೀರಿ. ಆ ನೂರು ಮೀಟರ್ ಮಾತ್ರ 30ಕ್ಕೆ ಇಳಿಸಿ. 50ರಲ್ಲಿ ಹೋದರೆ ಆ ನೂರು ಮೀಟರಿಗೆ ಏಳು ಸೆಕೆಂಡ್ ಬೇಕು, 30ರಲ್ಲಿ ಹನ್ನೆರಡು. ನಿಮಗೆ ಆಗೋ ನಷ್ಟ ಐದು ಸೆಕೆಂಡ್. ನಾಳೆ ಬೆಳಗ್ಗೆ ಆ ಐದು ಸೆಕೆಂಡ್ ಕೊಡ್ತೀರಲ್ಲ?

ನಿಮ್ಮೂರಿನ ಮಕ್ಕಳ ದಾರಿ ಹೇಗಿದೆ, ನೀವೇನು ಮಾಡಿದ್ದೀರಿ ಅಂತ ನಮಗೆ ಬರೆಯಿರಿ.